ನಾಲ್ಕು ಕಾಲ

ಟೋರುನ್ ಅಂತ ಒಬ್ಬಳು, ದೂರದ ಚಳಿಯೂರಿನವಳು,
ಕಾಗದ ಬರೆದಿದ್ದಾಳೆ: ನಾಲ್ಕು ಸರ ಬೇಕು,
ಕಾಲಕ್ಕೊಂದು. ವಸಂತ, ಬೇಸಿಗೆ,
ಎಲೆಯುದುರುವ ಕಾಲ, ಹಿಮ.
ತಮ್ಮ ತೆಯೆ ಓದಿ ಹೇಳಿ, ಕಾಗದ ಮಡಿಸಿ,
ಹುತ್ತದ ಮಣ್ಣಿನ ಕುಲುಮೆಗೆ ತಾಳೆಬೀಜದ ಚಿಪ್ಪು ಸುರಿಯುತ್ತ ಕೇಳಿದ:
ಉಳಿದೆರಡು ಎಲ್ಲಿಂದ ತರುತ್ತೀ, ಮಾಮ್ಲೆ?

ನಿಜ. ಒಡುಮಾಸೆಯಲ್ಲಿ ಇರುವುದೇ ಎರಡು.
ಒಂದು, ಮಳೆ. ಇನ್ನೊಂದು, ಉತ್ತರದ ಮರುಭೂಮಿ
ಎದ್ದು ಬಂದು ನಮ್ಮ ಒಲೆಯ ಮುಂದೆ ಕೂರುವ ಹರ್ಮಾಟನ್.
ತುಟಿ ಒಡೆಯುತ್ತದೆ, ಬಾಗಿಲು ಸೀಳುತ್ತದೆ,
ಒಗೆದ ಬಟ್ಟೆ ಒಣಗುವ ಮೊದಲೇ ಮಾಸುತ್ತದೆ,
ಸೂರ್ಯನನ್ನು ಬರಿಗಣ್ಣಲ್ಲಿ ನೋಡಬಹುದು,
ಸವೆದ ನಾಣ್ಯ ನೋಡಿದ ಹಾಗೆ.

ಇರಲಿ. ಬಣ್ಣ ಅಂದರೆ ನನಗೆ ಬಾಟಲಿ.
ಹಸಿರು ಬಿಯರಿನದು, ಕಂದು ಕೆಮ್ಮಿನ ಔಷಧಿಯದು,
ನೀಲಿ ಅಪರೂಪ, ಯಾರೋ ಸಾಹುಕಾರರ ಮನೆಯ
ಅತ್ತರಿನ ಸೀಸೆ ಒಡೆದರೆ ಉಂಟು.
ಕಬ್ಬಿಣದ ಒರಳಿಗೆ ಹಾಕಿ ಕುಟ್ಟು, ಜರಡಿ ಹಿಡಿ,
ಗಾಜು ಹಿಟ್ಟಾಗಬೇಕು,
ಮಗುವಿಗೆ ಹಚ್ಚುವ ಪೌಡರಿನಷ್ಟು ನುಣ್ಣಗೆ.
ಹಚ್ಚೀಯೆ ಮತ್ತೆ, ಜೋಕೆ.
ಅಚ್ಚಿನ ಗುಳಿಗೆ ತುಂಬು, ನಡುವೆ ನೆಡು
ಮರಗೆಣಸಿನ ಎಲೆಯ ತೊಟ್ಟು, ಒಂದು ಚೂರು.
ಬೆಂಕಿಯಲ್ಲಿ ಗಾಜು ಕೂಡಿಕೊಳ್ಳುತ್ತದೆ,
ತೊಟ್ಟು ಉರಿದುಹೋಗುತ್ತದೆ.
ಅದು ಹೋದ ಜಾಗವೇ ದಾರದ ದಾರಿ.
ಆರಿದ ಮೇಲೆ ಕಲ್ಲಿಗೆ ಹಾಕಿ, ಮರಳು ನೀರು ಬಿಟ್ಟು
ಉಜ್ಜಬೇಕು, ಸೊಂಟ ಸಾಕು ಅನ್ನುವ ತನಕ.

ವಸಂತ ಸುಲಭವಾಯಿತು.
ಮೊದಲ ಮಳೆ ಬಿದ್ದ ಮೂರನೇ ದಿನ ಹಿತ್ತಿಲಲ್ಲಿ
ಏನೇನು ತಲೆಯೆತ್ತುತ್ತದೋ ಅದಷ್ಟೂ ಹಸಿರು,
ನಡುವೆ ಒಂದೊಂದು ಹಳದಿ ಚುಕ್ಕೆ.
ಬೇಸಿಗೆಗೆ ಅವಳು ಬರೆದಿದ್ದಳು: ರಾತ್ರಿಯೇ ಆಗದ ಕಾಲ.
ತೆಯೆ ನಕ್ಕ. ನಾನು ನಗಲಿಲ್ಲ,
ಬೆಳಗಿನವರೆಗೆ ಬೆಂಕಿ ಕಾಯುವವಳಿಗೆ ಅದು ಗೊತ್ತು.
ಇದ್ದ ನೀಲಿಯನ್ನೆಲ್ಲ ಸುರಿದು, ಕಪ್ಪು ಸೋಕದಂತೆ ಕಟ್ಟಿದೆ.

ಎಲೆಯುದುರುವ ಕಾಲಕ್ಕೆ ಕೈ ನಿಂತಿತು.
ಕೆಂಪು, ಕಂದು, ಕರಿಗೆಂಪು ಅಂತ ಪಟ್ಟಿ.
ಅಲ್ಲಿ ಅದು ಹಬ್ಬದ ಬಣ್ಣವಂತೆ,
ನೋಡಲೆಂದೇ ಜನ ಬೆಟ್ಟ ಹತ್ತುತ್ತಾರಂತೆ.
ಇಲ್ಲಿ ಅದು ಅವ್ವನ ಹೆಣದ ಹಿಂದೆ ನಾವು ಉಟ್ಟು ನಡೆದದ್ದು.
ಕೆಂಪಿನ ಪಕ್ಕ ಒಂದು ಕಪ್ಪು ಪೋಣಿಸಿದರೆ ಸಾಕು,
ಓಣಿಯ ಹೆಂಗಸರು ಬಂದು ಕೇಳುತ್ತಾರೆ, ಯಾರು ಹೋದರು?

ಮಾದರಿಗೆಂದು ಲಕೋಟೆಯಲ್ಲಿ ಒಂದು ಎಲೆ ಇಟ್ಟಿದ್ದಳು.
ಎಷ್ಟು ಊರಿನ ಮುದ್ರೆ ಬಿದ್ದಿತ್ತೋ ಅದರ ಮೇಲೆ,
ಬಿಚ್ಚಿದರೆ ಬರೀ ಪುಡಿ.
ಅಂಗೈಗೆ ಸುರಿದುಕೊಂಡು ಬೆರಳಲ್ಲಿ ತಿಕ್ಕಿದೆ.
ಜರಡಿ ಹಿಡಿದ ಗಾಜಿನ ಹಾಗೇ ಇತ್ತು,
ಕೊಯ್ಯುವುದಿಲ್ಲ ಅನ್ನುವುದೊಂದು ಬಿಟ್ಟರೆ.
ಸಾಯುವ ಎಲೆಗೆ ಇಷ್ಟು ಬಣ್ಣವೇ?
ಅವ್ವನಿಗೂ ಕೊನೆಯ ವಾರ ಎಲ್ಲಿಲ್ಲದ ಕಳೆ ಬಂದಿತ್ತು.
ಕಟ್ಟಿದೆ ಆಮೇಲೆ. ಕಪ್ಪಿಲ್ಲದೆ.

ಹಿಮಕ್ಕೆ ಬಿಳಿ. ಅದಕ್ಕೆ ಅವಳ ಮಾತು:
ಎಲ್ಲ ಮುಗಿದಂತೆ, ಯಾರೂ ಇಲ್ಲದಂತೆ ಕಾಣಬೇಕು.
ಬಿಳಿಯನ್ನು ಹಾಗೆ ಕಟ್ಟಲು ನನಗೆ ಬರುವುದಿಲ್ಲ, ತಾಯಿ.
ಇಲ್ಲಿ ಬಿಳಿ ಹಾಕುವವಳು ಬಾಣಂತಿ,
ದಣಿವು ಆರಿ, ಮಗುವನ್ನು ಓಣಿಗೆ ತೋರಿಸುವ ದಿನ.
ಅದೇ ಬಿಳಿ ಕಟ್ಟಿದ್ದೇನೆ, ಮೂರೆಳೆ,
ಕತ್ತಿನ ಹತ್ತಿರ ಹಾಲಿನಷ್ಟು ಮಬ್ಬು.
ನಿಮ್ಮೂರ ಕತ್ತಲ ತಿಂಗಳಲ್ಲಿ ಯಾರು ಇದನ್ನು ಹಾಕಿದರೂ
ಎದುರು ಬಂದವರು ನಿಂತು ಕೇಳಲಿ,
ಗಂಡೋ? ಹೆಣ್ಣೋ?

ತುಂಬಿಡುವಾಗ ಡಬ್ಬಿಯಲ್ಲಿ ಜಾಗ ಉಳಿಯಿತು.
ಹರ್ಮಾಟನ್ನಿನದೂ ಒಂದೆಳೆ ಹಾಕಿದೆ, ದುಡ್ಡಿಲ್ಲದೆ:
ಧೂಳು ಬಣ್ಣ, ಧೂಳು ಬಣ್ಣ, ಧೂಳು ಬಣ್ಣ,
ಕೊಕ್ಕೆಯ ಹತ್ತಿರ ಸವೆದ ನಾಣ್ಯದಂಥ ಒಂದು ಮಣಿ.
ತೆಯೆ ಪೆನ್ನು ಹಿಡಿದು ಕೂತಿದ್ದಾನೆ, ಏನು ಬರೆಯಲಿ?
ಬರಿ:
ದಾರ ಗಟ್ಟಿ ನೋಡಿಯೇ ಗಂಟು ಹಾಕಿದ್ದೇನೆ.
ನಾಲ್ಕು ಕಾಲ ಬಾಳಿಕೆ ಬಂದೀತು.
ಐದನೆಯದಕ್ಕೆ ನಾನು ಹೊಣೆಯಲ್ಲ.