ತಲೆ ಎಣಿಕೆ

ಹನ್ನೊಂದು ವರುಷದಿಂದ ಇದೇ ದಾರಿಯಲ್ಲಿ ಬಸ್ಸು ಬಿಡುತ್ತಿದ್ದೇನೆ.
ಕಲ್ಲಿದ್ದಲು ಮುಗಿದ ಕಣಿವೆಯಿಂದ ಹೊರಟು
ಮೂರು ತಿರುವು, ಬೀಗ ಬಿದ್ದ ಒಂದು ಚಾಪೆಲ್, ಕುರಿ ದಾಟುವ ತಿಟ್ಟು,
ಆಮೇಲೆ ಒಮ್ಮೆಗೇ, ಯಾರೋ ಬಾಗಿಲು ತೆಗೆದ ಹಾಗೆ, ಕಡಲು.
ಮಕ್ಕಳು ಹೋ ಎನ್ನುತ್ತಾರೆ.
ನಾನು ಗೇರು ಇಳಿಸುತ್ತೇನೆ.

ನನ್ನ ಪಾಲಿನ ಕಡಲು ಎದುರು ಗಾಜಿನಷ್ಟು ಅಗಲ.
ಪಾರ್ಕಿಂಗಿನ ಅದೇ ಮೂಲೆ, ಥರ್ಮಾಸಿನ ಚಹ, ಮೊನ್ನೆಯ ಪೇಪರು,
ಸೀಟು ಒರಗಿಸಿ ಒಂದು ಜೋಂಪು.
ಮರಳು ಅಂದರೆ ಬಸ್ಸಿನೊಳಕ್ಕೆ ಬರುವಂಥದು,
ನಾನು ಅದರೊಳಕ್ಕೆ ಹೋಗುವಂಥದಲ್ಲ.
ಸಂಜೆ ಸಂಜೆ ಗುಡಿಸಿ
ಈವರೆಗೆ ಅರ್ಧ ತೀರವನ್ನಾದರೂ ಚೆಲ್ಲಿರಬೇಕು ಡಿಪೋದ ಹಿಂದೆ.

ಇವತ್ತು ರೊನ್ವೆನ್ ಟೀಚರು ಕಿಟಕಿ ತಟ್ಟಿದರು.
"ಇದ್ವಾಲ್, ಒಬ್ಬರು ರಜೆ. ಇಪ್ಪತ್ತಾರು ಮಕ್ಕಳು,
ಒಂದು ದೊಡ್ಡ ತಲೆ ಕಮ್ಮಿ ಬಿದ್ದಿದೆ. ಬರ್ತೀರಾ?"
ತಲೆ ದೊಡ್ಡದೇನೋ ಹೌದು, ಟೋಪಿ ಮಾರುವವನೂ ಅಂದಿದ್ದಾನೆ.
ಬೂಟು ಬಿಚ್ಚಿದೆ. ಕಾಲ್ಚೀಲದಲ್ಲಿ ತೂತು.
ಇಪ್ಪತ್ತಾರೂ ಮಂದಿ ನೋಡಿದರು.

ನೀರು ಇಳಿದಿತ್ತು. ಇಳಿದೂ ಇಳಿದೂ
ದೂರದಲ್ಲೊಂದು ಬಿಳಿ ಗೆರೆಯಾಗಿ ತನ್ನಷ್ಟಕ್ಕೆ ಗೊಣಗುತ್ತಿತ್ತು.
ಒಯ್ಯಲಾರದೆ ಬಿಟ್ಟದ್ದೆಲ್ಲ ಇಲ್ಲಿ, ಬಂಡೆಯ ಗುಳಿಗಳಲ್ಲಿ:
ಒಂದು ಬೊಗಸೆಯಷ್ಟು, ಒಂದು ಬೋಗುಣಿಯಷ್ಟು,
ಒಂದಂತೂ ಗಣಿಯಿಂದ ಬಂದ ಅಪ್ಪ
ಒಲೆಯ ಮುಂದೆ ಕೂತು ಮೀಯುತ್ತಿದ್ದ ತಗಡಿನ ತೊಟ್ಟಿಯಷ್ಟು.
ಅದರ ನೀರು ಯಾವತ್ತೂ ಕಪ್ಪು.
ಇದರ ತಳದಲ್ಲಿ ಸಿಗಡಿಯ ಮೈಯೊಳಗಿನ ಗೆರೆ ಕೂಡ ಕಾಣುತ್ತಿತ್ತು.

"ನೆರಳು ಬೀಳಿಸಬೇಡಿ, ಹೆದರ್ತಾವೆ," ಎಂದಳು ತೆಲೆರಿ.
ಎಂಟು ವರುಷ. ಎಲ್ಲ ಗೊತ್ತು.
ಬಂಡೆ ಕಚ್ಚಿದ ಗೋಪುರದಂಥ ಚಿಪ್ಪು ತೋರಿಸಿ ಹೇಳಿದಳು:
ಉಬ್ಬರದಲ್ಲಿ ಇದು ಮೇಯೋಕೆ ಹೋಗುತ್ತೆ,
ನೀರಿಳಿಯೋ ಮೊದಲು ತನ್ನ ಜಾಗಕ್ಕೇ ವಾಪಸ್,
ಒಂದು ಕೂದಲೂ ಆಚೀಚೆ ಇಲ್ಲ, ಕಲ್ಲು ಅಷ್ಟಗಲ ಸವೆದಿರುತ್ತೆ.
ನನಗೆ ಪಾರ್ಕಿಂಗಿನ ಮೂಲೆಯಲ್ಲಿ
ನನ್ನ ಬಸ್ಸಿನದೇ ಎಣ್ಣೆಯ ಕಲೆ ನೆನಪಾಯಿತು.
ಹೇಳಲಿಲ್ಲ.

ಗೆಥಿನ್ ಯಾವಾಗಲೂ ನನ್ನ ಹಿಂದಿನ ಸೀಟು, ಮಾತಿಲ್ಲ.
ಬಂದವನೇ ನನ್ನ ತೋರುಬೆರಳು ಹಿಡಿದು
ನೀರಿಗದ್ದಿ, ಕೆಂಪು ಕಡಲಹೂವಿನ ನಡುವೆ ಇಟ್ಟ.
ಅದು ಮುಚ್ಚಿಕೊಂಡಿತು. ಮೆಲ್ಲಗೆ. ಅಂಟಂಟು.
ಸ್ಟೇರಿಂಗು ಬಿಟ್ಟು ಬೇರೇನೂ ಬಹುಕಾಲ ಹಿಡಿಯದ ಬೆರಳನ್ನು
ಏನೋ ಒಂದು ಹಿಡಿದಿತ್ತು.
"ನೀವು ಊಟ ಅಂದ್ಕೊಂಡಿದೆ," ಎಂದ ಗೆಥಿನ್.
ಸ್ವಲ್ಪ ಹೊತ್ತಿಗೆ, "ಅಲ್ಲ ಅಂತ ಗೊತ್ತಾಯ್ತು."

ಕಡಲು ವಾಪಸು ಬರುವಾಗ ಎದುರಿಂದ ಬರುವುದಿಲ್ಲ.
ಮರಳಿನ ಸಣ್ಣ ಕಾಲುವೆಯಲ್ಲಿ ಹಿಂದಿನಿಂದ ಬಂದು ಹಿಮ್ಮಡಿ ಮುಟ್ಟುತ್ತದೆ.
ಸೀಟಿ ಊದಿ ಟೀಚರು ಸಾಲು ನಿಲ್ಲಿಸಿ ಎಣಿಸಿದರು.
ಇಪ್ಪತ್ತೇಳು.
ಮತ್ತೆ ಎಣಿಸಿದರು. ಇಪ್ಪತ್ತೇಳು.
ಒಂದು ಕಮ್ಮಿಯಾದರೆ ಏನು ಮಾಡಬೇಕೆಂದು ಫೈಲಿನಲ್ಲಿದೆ,
ಒಂದು ಜಾಸ್ತಿಯಾದರೆ ಇಲ್ಲ.
ತೆಲೆರಿ ಬೆರಳು ತೋರಿಸಿದಳು:
ಸಾಲಿನ ಕೊನೆಗೆ, ಗೆಥಿನ್‌ನ ಕೈ ಹಿಡಿದು,
ಪ್ಯಾಂಟು ಮೊಣಕಾಲಿಗೆ ಮಡಿಸಿದ ಒಬ್ಬ ಬೋಳುತಲೆಯ ಹುಡುಗ.

ದಾರಿಯುದ್ದ ಎಲ್ಲ ನಿದ್ದೆ. ಬಸ್ಸೆಲ್ಲ ಪಾಚಿಯ ವಾಸನೆ.

ಡಿಪೋದಲ್ಲಿ ಪೊರಕೆ ಹಿಡಿದಾಗ ಏಳು ಗಂಟೆ.
ಹತ್ತೊಂಬತ್ತನೇ ಸೀಟಿನಡಿ ಮಾಕ್ಸೆನ್‌ನ ಊಟದ ಡಬ್ಬಿ,
ಮುಚ್ಚಳಕ್ಕೆ ನಾಲ್ಕು ತೂತು.
ಒಳಗೆ ಬ್ರೆಡ್ಡಿನ ಅಂಚು, ಒದ್ದೆ ಪಾಚಿ,
ಮತ್ತೆ ಹಸಿರು ಬೆನ್ನಿನ ಏಡಿ, ಎರಡೂ ಕೊಂಡಿ ಎತ್ತಿ
ನನ್ನನ್ನು ಯುದ್ಧಕ್ಕೆ ಕರೆಯುತ್ತಿತ್ತು.

ಇಲ್ಲಿಂದ ಮೂವತ್ತೆಂಟು ಮೈಲಿ. ನಾಳೆ ಬೆಳಗ್ಗೆ ಐದಕ್ಕೆ ಪಾಳಿ.
ಮನೆಗೆ ಫೋನು ಮಾಡಿದೆ, ಬ್ಲೋದ್ವೆನ್ ಎತ್ತಿದಳು.
ತಡವಾಗುತ್ತೆ ಅಂದೆ. ಇಲ್ಲ, ಬಸ್ಸು ಕೆಟ್ಟಿಲ್ಲ.
ಒಬ್ಬ ಇಳಿದಿಲ್ಲ, ಅಷ್ಟೇ.
ಕಾರಿನ ಪಕ್ಕದ ಸೀಟಿನಲ್ಲಿ ಡಬ್ಬಿ ಇಟ್ಟು
ಬೆಲ್ಟು ಹಾಕಿದೆ.