ಹಗ್ಗದ ಈ ಕಡಿ

ನಸಿಕಿನ್ಯಾಗ ಐದಕ್ಕ ಹೊರಬೀಳತೀವಿ ನಾವಿಬ್ಬರು,
ಊರಿಗೆ ಇನ್ನೂ ಕಾಲು ಮೂಡಿರೂದಿಲ್ಲ.
ಕಿಸೆದಾಗ ಕುದಿಸಿದ ಲಿವರಿನ ಚೂರು,
ಎಷ್ಟು ತೊಳೆದರೂ ನಾತ ಹೋಗೂದಿಲ್ಲ,
ಲ್ಯಾಬಿನ್ಯಾಗ ಡಾಕ್ಟರು ಮೂಗು ಏರಸ್ತಾರ.
ಕೈಯಾಗ ಆರು ಮೊಳ ಹಗ್ಗ.
ಹಗ್ಗದ ಆ ಕಡಿ ಚಿಮಣಿ.

ಲಾರಿ ಗ್ಯಾರೇಜಿನ್ಯಾಗ ಮೂರು ವರ್ಷ
ಮೂರು ಮೊಳ ಸರಪಳಿ ಇಕಿ ಜಗತ್ತು.
ಅದರಾಚೆಯಿಂದ ಬಂದದ್ದೆಲ್ಲಾ
ಒದಿಲಿಕ್ಕೇ ಬಂದದ್ದು.
ಈಗ ಸರಪಳಿ ಇಲ್ಲ,
ಅದರ ಸಪ್ಪಳ ಮಾತ್ರ ಕಿವ್ಯಾಗ ಉಳದೈತಿ.
ಹೆಲ್ಮೆಟ್ಟಿನ ತಲಿ ಕಂಡರ ಭಗ್ಗ,
ಮತ್ತೊಂದು ನಾಯಿ ಕಂಡರ ಭಗ್ಗ,
ಟಾಂಗಾದ ಗೊರಸು ಟಕ್ ಟಕ್ ಅಂದರಂತೂ
ಸೀಮೆಎಣ್ಣಿ ಸುರುವಿದಂಗ.

ಊರಿಗೆ ಊರೇ ವೈದ್ಯರು.
ಹಾಲಿನ ಬೂತಿನಾಂವ: ಎರಡು ಬಿಗೀರಿ, ಸುಮ್ಮನಾಕೈತಿ.
ಇಡ್ಲಿ ಗಾಡಿ ಕಸ್ತೂರೆವ್ವ: ದೃಷ್ಟಿ ತಗಸು, ತಂಗಿ.
ವಾಕಿಂಗಿನ ಹೆಡ್ ಮಾಸ್ತರು, ಮಫ್ಲರಿನೊಳಗಿಂದ:
ಶಾಂತ ನಾಯಿ ಸಿಗಲಿಲ್ಲೇನು ನಿನಗ?
ಸಿಗತಿದ್ದವು, ಸರ್.
ಅವಕ್ಕ ಯಾರರ ಸಿಗತಾರ.

ಬಾರಾ ಕಮಾನದ ಹೊರಗ, ಗೋಡಿ ಬದಿಗೆ
ಲಾಡ್ಲೇಸಾಬನ ಟಾಂಗಾ ನಿಂತಿರತೈತಿ.
ನಲವತ್ತು ಹೆಜ್ಜಿ ದೂರ ನಾವು.
ನಲವತ್ತಕ್ಕ ಇಕಿ ಕಿವಿ ನಿಗರತಾವು, ಗಂಟಲು ಸುಮ್ಮನಿರತೈತಿ.
ಮೂವತ್ತೆಂಟಕ್ಕ ಬೆನ್ನ ಮ್ಯಾಲಿನ ಕೂದಲ ಏಳತಾವು.
ಈ ಎರಡು ಹೆಜ್ಜಿ ನಡುವ ನಮ್ಮ ಸಾಲಿ.
ಕುದರಿ ನೋಡಿದಳು: ಒಂದು ಚೂರು.
ನೋಡಿ ನನ್ನ ಕಡೆ ತಿರುಗಿದಳು: ಎರಡು.
ಅಷ್ಟೇ. ಮನಿಗೆ.
ಇದಕ್ಕ ಪಾಠ ಅನ್ನಬೇಕೋ ಲಂಚ ಅನ್ನಬೇಕೋ
ನನಗೂ ತಿಳಿದಿಲ್ಲ.

ಶ್ರಾವಣ ಹೋತು, ಮೂವತ್ತಕ್ಕ ಬಂದಿವಿ.
ದಸರಾ ಹೊತ್ತಿಗೆ ಇಪ್ಪತ್ತೆರಡು.
ದೀಪಾವಳಿಯ ಮೊದಲನೇ ಪಟಾಕಿಗೆ
ಮೂರು ದಿನ ಮಂಚದ ಬುಡಕ, ಆಮ್ಯಾಲೆ
ಮತ್ತ ನಲವತ್ತು. ನಲವತ್ತೂ ಅಲ್ಲ, ಐವತ್ತು,
ರಸ್ತೆಯ ಆ ಕಡೆ. ಎಟಿಎಂ ಮೆಟ್ಟಲ ಮ್ಯಾಲೆ
ಇಕಿ ಕೂಡ ಕುಂತು ನಾ ಅತ್ತದ್ದು
ಸಿಸಿಟಿವಿ ಬಿಟ್ಟರ ಯಾರೂ ನೋಡಿಲ್ಲ
ಅನಕೊಂಡಿದ್ದೆ.

ಲಾಡ್ಲೇಸಾಬ ತಾನೇ ದಾಟಿ ಬಂದ,
ಕುದರಿ ಬಿಟ್ಟು, ಮಗ್ಗಲಾಗಿ, ಕಣ್ಣು ನೆಲಕ್ಕ ಹಾಕಿ.
ಹಂಗ ಬರೂದು ಯಾರು ಕಲಿಸಿದ್ದರೋ ಅಂವಗ.
ದೂರದಾಗ ತುದಿಗಾಲಲೆ ಕುಂತ,
ಬೀಡಿ ಹಚ್ಚಲಾರದ ಹಿಡಕೊಂಡು ಅಂದ:
"ನಮ್ಮಾಕಿಗೂ ಅಂಜಿಕಿ ಭಾಳ, ಬಾಯಾರ.
ಪ್ಲಾಸ್ಟಿಕ್ ಚೀಲ ಹಾರಿದರ ಗಾಡಿ ಗಟಾರಕ್ಕ.
ಅದಕ್ಕ ಕಣ್ಣಪಟ್ಟಿ ಕಟ್ಟೇನಿ.
ನಿಮ್ಮಾಕಿಗೆ ನೀವು ಏನೂ ಕಟ್ಟಿಲ್ಲ,
ಎಲ್ಲಾ ನೋಡಾಕ ಬಿಟ್ಟೀರಿ. ತ್ರಾಸಿನ ಕೆಲಸ.
ಆದರ ಒಂದ ಮಾತು, ಸಿಟ್ಟಾಗಬ್ಯಾಡ್ರಿ.
ನಾಲ್ಕು ತಿಂಗಳಿಂದ ನೋಡಾಕತ್ತೇನಿ,
ಟಾಂಗಾ ಸಪ್ಪಳಾದ ಕೂಡಲೇ
ಆಕಿಗಿಂತ ಮೊದಲ
ನಿಮ್ಮ ಕೈ ಬೊಗಳತೈತಿ."

ನೋಡಿಕೊಂಡೆ.
ಅಂಗೈಗೆ ಬಿಗಿದ ಸುತ್ತು, ಸುತ್ತಿನ ಮ್ಯಾಲೆ ಸುತ್ತು,
ಬೆರಳ ಗೆಣ್ಣು ಬೆಳ್ಳಗಾಗಿದ್ದವು.
ಆರು ಮೊಳದ ಹಗ್ಗದಾಗ ಇಕಿಗೆ ಉಳಿದದ್ದು
ಮೂರು ಮೊಳ.
ಅಳೆದು ಕೊಟ್ಟಂಗ, ಅಷ್ಟೇ.

ಹಗ್ಗ ಸಡಲಿಸೂದು ಕಲಿಯಾಕ ನನಗ ಹಿಡದದ್ದು
ಇಕಿ ಕಲಿತದ್ದಕ್ಕಿಂತ ಹೆಚ್ಚು.
ಸಂಕ್ರಾಂತಿಗೆ ಒಂದು ಸುತ್ತು ಬಿಚ್ಚಿದೆ.
ಇನ್ನೊಂದು, ಕೆಲವು ದಿನ, ಇನ್ನೂ ಐತಿ.
ಹೆಲ್ಮೆಟ್ಟು ಬಂದರ ನಿಂತ ಕಾರಿನ ಹಿಂದ ಸರೀತೀವಿ,
ಎದುರು ನಾಯಿ ಬಂದರ ಹೊಳ್ಳತೀವಿ,
ಹೊಳ್ಳೂದಂದರ ಓಡಿಹೋಗೂದಲ್ಲ ಅಂತ
ಇಬ್ಬರಿಗೂ ಹೇಳಕೋತ.

ಇವತ್ತ ಹದಿನೇಳು ಹೆಜ್ಜಿ.
ಅರ್ಧಕ್ಕ ನಿಂತ ಕಮಾನುಗಳ ನಡುವ
ಬೆಳಕು ಆಗಷ್ಟೇ ಇಳೀತಿತ್ತು.
ಕುದರಿ ಮೂಗಿನಿಂದ ಫುರ್ ಅಂತು.
ಚಿಮಣಿ ನಿಂತಳು. ನೋಡಿದಳು.
ಬಾಲ ಎಲ್ಲಿಡಬೇಕೋ ತಿಳೀಲಿಲ್ಲ.
ಆಮ್ಯಾಲೆ ಬಾಯಿ ಅಗಲಾಗಿ ತೆರೆದು
(ನಾ ಉಸಿರು ಹಿಡಿದೆ)
ಆಕಳಿಸಿದಳು.

ಲಾಡ್ಲೇಸಾಬ ಅಲ್ಲಿಂದಲೇ ಒಂದು ಬೆರಳು ಎತ್ತಿದ.
ಹಿಂದಿಂದ ಬಂದ ಮಾಸ್ತರು,
ಇನ್ನೂ ಪಳಗಿಲ್ಲೇನು? ಅಂದರು.
ಇಲ್ರಿ ಸರ್, ಅಂದೆ,
ನಾನು ಇನ್ನೂ ಸ್ವಲ್ಪ ಕಡೀತೀನಿ.