ಹಸಿರು ಕೊಂಡ ಲೆಕ್ಕ

ವಿರಾಜಪೇಟೆ ಚಿತ್ರಕಾರರ ಸಂಘದ ಇತಿಹಾಸ,
ಮೂರು ಪುಟ ಮೀರದಂತೆ ಬರೆದುಕೊಡಿ ಅಂದರು.
ಇರುವುದು ಒಂದೇ ನಡಾವಳಿ ಪುಸ್ತಕ,
ಗೆದ್ದಲು ಓದಿ ಬಿಟ್ಟಷ್ಟು.

ಮೊದಲ ಸಭೆ ಗಡಿಯಾರ ಕಂಬದ ಹತ್ತಿರ,
ಸೂಫಿ ದರ್ಜಿಯ ಅಂಗಡಿಯ ಅಟ್ಟದಲ್ಲಿ.
ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ.
ಹಾಜರು ಏಳು ಮಂದಿ. ಕುರ್ಚಿ ಮೂರು.
ಚಂದಾ ನಾಲ್ಕಾಣೆ.
ಕೆಳಗೆ ಹೊಲಿಗೆ ಯಂತ್ರ ಓಡಿದಾಗ
ಮೇಜು ನಡುಗಿ ಅಕ್ಷರ ಸೊಟ್ಟಗಾದದ್ದು
ಈಗಲೂ ಕಾಣುತ್ತದೆ.
ಯಾವ ಸಾಲಿನ ಹೊತ್ತಿಗೆ ಸೂಫಿ
ಕುಪ್ಯದ ಒಂದು ತೋಳು ಮುಗಿಸಿದನೆಂದು ಹೇಳಬಲ್ಲೆ.

ಎರಡನೇ ಸಭೆ ಪೂರ್ತಿ ಜಗಳ.
ಬೋರ್ಡು ಬರೆಯುವ ಪಾಸ್ಕಲ್ ಲೋಬೋ ಕಲಾವಿದನೇ?
ಫೋಟೋಕ್ಕೆ ಬಣ್ಣ ಹಚ್ಚುವ ಕುಂಞಂಬು?
ಪೀಚೆಕತ್ತಿಗೆ ಹಿಡಿ ಕೆತ್ತುವ ಆಚಾರಿಯನ್ನು
ಯಾರೂ ಪ್ರಶ್ನಿಸಲಿಲ್ಲ,
ಕತ್ತಿ ಅವನ ಕೈಯಲ್ಲಿತ್ತೆಂದು
ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಬರೆದಿದ್ದಾರೆ.
ಅಧ್ಯಕ್ಷರು, ಡ್ರಾಯಿಂಗ್ ಮಾಸ್ತರು ಮೇದಪ್ಪ, ಎದ್ದು ನಿಂತು:
"ಲೋಬೋ ಬರೆದ 'ಕ' ನೋಡಿ. ಆ ಹೊಟ್ಟೆ
ನಮ್ಮಲ್ಲಿ ಯಾರಿಗೆ ಬರುತ್ತದೆ?"
ನಿರ್ಣಯ ಅಂಗೀಕೃತ.
ಕಾಫಿ, ಏಳು ಲೋಟ, ಬಾಕಿ.

ಒಂದು ಪುಟ ಮಾತ್ರ ಕಂದು.
ಕಕ್ಕಡ ಹದಿನೆಂಟರಂದು ಮದ್ದುಸೊಪ್ಪಿನ ರಸ ಕುದಿಸಿ
ಬಣ್ಣ ಮಾಡಿ ನೋಡಿದರಂತೆ.
"ಅತ್ಯುತ್ತಮ ನೇರಳೆ. ಇನ್ನು ಮದ್ರಾಸಿಗೆ
ದುಡ್ಡು ಕಳಿಸುವ ಅಗತ್ಯವಿಲ್ಲ."
ತುಲಾ ಸಂಕ್ರಮಣ ಕಳೆದ ಸಭೆ:
"ನೇರಳೆ ಹೋಯಿತು."
ಅಷ್ಟೇ. ಸಹಿ.

ಹಿಂದಿನ ಪುಟಗಳಲ್ಲಿ ಲೆಕ್ಕ.
ನೀಲಿ ಇದೆ, ಹಳದಿ ಇದೆ, ಇಟ್ಟಿಗೆ ಕೆಂಪು ಇದೆ,
ಬಿಳಿ ಪ್ರತಿ ತಿಂಗಳೂ ಇದೆ
(ಮಂಜು ಬರೆಯುವವರು ಇಬ್ಬರಿದ್ದರು),
ಟರ್ಪೆಂಟೈನು, ಹಂದಿಕೂದಲ ಕುಂಚ,
ಚಿತ್ರಕ್ಕೆ ಬೂಸ್ಟು ಹಿಡಿಯದಂತೆ
ಮಳೆಗಾಲಕ್ಕೆ ಇದ್ದಿಲು ಒಂದು ಚೀಲ.
ಹಸಿರು ಎಲ್ಲೂ ಇಲ್ಲ.
ಮೂರು ವರ್ಷದ ಲೆಕ್ಕವನ್ನು ಬೆರಳಿಟ್ಟು ನೋಡಿದೆ.
ಇಂಥ ಊರಿನಲ್ಲಿ!
ಕೊನೆಗೆ ಸಿಕ್ಕಿತು ನಿರ್ಣಯ ಹನ್ನೊಂದು:
"ನೀಲಿಗೆ ಹಳದಿ ಬೆರೆಸಿದರೆ ಆಯಿತು.
ಹಸಿರು ಕೊಳ್ಳುವುದು ದುಂದು."

ಬೇಡ ಅಂದದ್ದು ಒಬ್ಬರೇ, ಬೇಟೋಳಿಯ ಚೋಂದವ್ವ,
ಚಂದಾ ಬಾಕಿಯಿಲ್ಲದ ಏಕೈಕ ಸದಸ್ಯೆ.
ಅವಳ ಮಾತು ಆ ಪುಸ್ತಕದಲ್ಲಿ ಒಂದೇ ಸಾಲು.
ಅಲ್ಲಿ ಅಕ್ಷರ ನೆಟ್ಟಗಿವೆ,
ಸೂಫಿ ಯಂತ್ರ ನಿಲ್ಲಿಸಿರಬೇಕು:
"ನಾಟಿ ಮುಗಿದು ತಿಂಗಳಾದ ಗದ್ದೆಯ ಹಸಿರಿನಲ್ಲಿ
ಹಳದಿ ಇಲ್ಲ."
ಮತಕ್ಕೆ ಹಾಕಿದರು. ಆರಕ್ಕೆ ಒಂದು.

ಮುಂದಿನ ವಾರದ ಲೆಕ್ಕದಲ್ಲಿ ಬೇರೆ ಕೈಬರಹ:
ಹಸಿರು, ಟ್ಯೂಬು ಒಂದು, ಹದಿನಾಲ್ಕಾಣೆ.
ಕೊಟ್ಟವರು ಚೋಂದವ್ವ.
ಪಡೆದವರು ಚೋಂದವ್ವ.

ಆಮೇಲೆ ಹೆಚ್ಚೇನಿಲ್ಲ.
ಕಾಫಿ ಒಣಗಿಸುವ ಕಣದಲ್ಲಿ ಒಂದು ಪ್ರದರ್ಶನ,
ಮಾರಾಟವಾದದ್ದು ಚೌಕಟ್ಟು ಮಾತ್ರ, ಎರಡು.
ರಾಜ್ಯ ಮೈಸೂರಿಗೆ ಸೇರಿತು, ಸಂಘವನ್ನು
ಮತ್ತೆ ನೋಂದಾಯಿಸಿ ಎಂದು ಕಾಗದ ಬಂತು.
ಕೋರಂ ಇಲ್ಲ. ಕೋರಂ ಇಲ್ಲ.
ಆಣೆ ಹೋಗಿ ನಯಾಪೈಸೆ ಬಂದಾಗ
ಉಳಿದ ಎರಡು ರೂಪಾಯಿ ಮೂರಾಣೆಯನ್ನು
ಬದಲಿಸಿ ಬರೆಯಲು ಯಾರೂ ಇರಲಿಲ್ಲ.

ಚಿತ್ರ ಒಂದೂ ಸಿಕ್ಕಿಲ್ಲ, ಅವಳದ್ದೂ.
ಹೋದ ಆಗಸ್ಟಿನಲ್ಲಿ ಕೊಡೆ ಹಿಡಿದು
ಬೇಟೋಳಿಯ ಏರಿಯ ಮೇಲೆ ನಿಂತೆ.
ಮೋಡ ಗದ್ದೆಗೆ ತಾಗುವಷ್ಟು ಕೆಳಗಿತ್ತು.
ಹಳದಿ ಇತ್ತು,
ಒಂದು ಬೆಳ್ಳಕ್ಕಿಯ ಕೊಕ್ಕಿನಲ್ಲಿ.
ಗದ್ದೆಯಲ್ಲಿ ಇರಲಿಲ್ಲ.

ಮಾನ್ಯರೇ, ಮೂರು ಪುಟ ಮೀರಿದೆ, ಕ್ಷಮಿಸಿ.
ನಿರ್ಣಯ ಹನ್ನೊಂದನ್ನು ರದ್ದುಮಾಡಬೇಕೆಂದು ಸೂಚಿಸುತ್ತೇನೆ.
ಅನುಮೋದಿಸಲು ಒಬ್ಬರು ಬೇಕು.